ಬ್ಯಾಲಿಗ್ರಾಂಟಿನ ಉಪಾಧ್ಯಾಯ ಮತ್ತು ಗೇಲಿಕ್ ಕಥೆಗಳು

ಹತ್ತೊಂಬತ್ತನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ಹಳ್ಳಿಯ ಉಪಾಧ್ಯಾಯನ ಸಂಸಾರದ ಅಳತೆಯನ್ನು ನಿಗದಿಪಡಿಸಿದ್ದು 1803ರ ಕಾಯಿದೆ. ಪ್ಯಾರಿಷ್ ಶಾಲೆಯ ಉಪಾಧ್ಯಾಯನಿಗೆ ವರ್ಷಕ್ಕೆ ಸುಮಾರು 16ರಿಂದ 22 ಪೌಂಡು ಸಂಬಳ, ಒಂದು ಕೈತೋಟ, ಅಡುಗೆಮನೆಯೂ ಸೇರಿ ಎರಡು ಕೋಣೆಗಳ ಮನೆ: ಭೂಮಾಲೀಕರು ಒದಗಿಸಬೇಕಾಗಿದ್ದುದು ಇಷ್ಟೇ. ವಿದ್ಯಾರ್ಥಿಗಳ ಶುಲ್ಕ, ಚರ್ಚಿನ ದಫ್ತರ ಬರೆದು ಬರುವ ಪುಡಿಗಾಸು ಹೆಂಡತಿ ಮಕ್ಕಳ ಹೊಟ್ಟೆಪಾಡಿಗೆ ಒದಗುತ್ತಿದ್ದವು.

ಹೈಲ್ಯಾಂಡ್ಸ್ ಹಾಗೂ ಪಶ್ಚಿಮದ ದ್ವೀಪಗಳಲ್ಲಿ ಈ ಬದುಕಿಗೆ ಇನ್ನೊಂದು ಇಕ್ಕಟ್ಟಿತ್ತು. ಅಲ್ಲಿ ಮನೆಮಾತು ಗೇಲಿಕ್. ಉದ್ಯೋಗಕ್ಕೂ ಸ್ಥಾನಮಾನಕ್ಕೂ ಬೇಕಾದದ್ದು ಇಂಗ್ಲಿಷ್. ಮಗುವನ್ನು ಈ ದಡದಿಂದ ಆ ದಡಕ್ಕೆ ದಾಟಿಸುವ ಹೊಣೆ ಉಪಾಧ್ಯಾಯನದಾಗಿತ್ತು. ಐಲಾ ದ್ವೀಪದ ಬ್ಯಾಲಿಗ್ರಾಂಟಿನ ಉಪಾಧ್ಯಾಯ ಹೆಕ್ಟರ್ ಮಕ್ಲೇನ್ ಮರಳಿ ಈ ದಡಕ್ಕೂ ಬಂದವನು. ಜಾನ್ ಫ್ರಾನ್ಸಿಸ್ ಕ್ಯಾಂಬೆಲ್‌ನ ಕಥಾಸಂಗ್ರಹಕ್ಕಾಗಿ 1859ರಲ್ಲಿ ಬಾರಾ ಮತ್ತು ದಕ್ಷಿಣ ಯೂಯಿಸ್ಟ್ ದ್ವೀಪಗಳಿಗೆ ಹೋಗಿ, ಬೆಸ್ತರು, ಬಡರೈತರು ಹೇಳಿದ ಕಥೆಗಳನ್ನು ಅವರ ಗೇಲಿಕ್‌ನಲ್ಲಿಯೇ ಬರೆದುಕೊಂಡನು. 1860–62ರಲ್ಲಿ ನಾಲ್ಕು ಸಂಪುಟಗಳಾಗಿ ಪ್ರಕಟವಾದ ಆ ಸಂಗ್ರಹದಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಮೂಲ ಗೇಲಿಕ್ ಪಠ್ಯಗಳೂ, ಕಥೆ ಹೇಳಿದವರ ಹೆಸರು, ಊರು, ಕಸುಬುಗಳೂ ದಾಖಲಾದವು.

ಹತ್ತು ವರ್ಷಗಳ ಬಳಿಕ ಬಂದ 1872ರ ಶಿಕ್ಷಣ ಕಾಯಿದೆಯು 5ರಿಂದ 13 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸಿತು. ಗೇಲಿಕ್‌ನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಭಾಷೆ ಸೊರಗಿದ ಕಥೆಯಲ್ಲಿ ಶಾಲೆಯ ಪಾಲು ನಿರ್ವಿವಾದ. ಆದರೆ ಶಾಲೆ ಮತ್ತು ಉಪಾಧ್ಯಾಯ ಎರಡೂ ಒಂದೇ ಅಲ್ಲ. ಮಕ್ಲೇನ್‌ನಿಗೆ ಅಕ್ಷರದ ಶಿಸ್ತಿತ್ತು, ಕಥೆಗಾರರ ಮಾತಿನ ಒಳಗುಟ್ಟೂ ತಿಳಿದಿತ್ತು. ಎರಡೂ ಒಬ್ಬನಲ್ಲೇ ಕೂಡಿದ್ದರಿಂದ ಆ ಕಥೆಗಳು ತಮ್ಮ ನುಡಿಯಲ್ಲಿಯೇ ಉಳಿದವು. ಉಪಾಧ್ಯಾಯನ ಮನೆಯ ಕೋಣೆಗಳನ್ನು ಎಣಿಸಿಟ್ಟ ಕಾನೂನು, ಅಂಥ ಮನೆಗಳೊಳಗಿನ ಮಾತನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ.