ಸಭೆಯ ಆಡಳಿತದಲ್ಲಿ ಯುವಜನರ ದನಿ

ಯುವಜನರು ಸಭೆ ಬಿಟ್ಟು ಹೋಗುತ್ತಿದ್ದಾರೆ ಎಂಬ ಮಾತು ಈಗ ಪ್ರತಿ ಮಹಾಸಭೆಯ ವರದಿಯಲ್ಲೂ ಇರುತ್ತದೆ. ಕಾರಣವೂ ಅದರ ಪಕ್ಕದಲ್ಲೇ ಸಿದ್ಧವಾಗಿರುತ್ತದೆ: ಆರಾಧನೆ ಹಳೆಯದಾಯಿತು, ಗಿಟಾರು ಬೇಕು, ಪರದೆ ಬೇಕು, ವರ್ಷಕ್ಕೊಂದು ಯುವಜನ ಭಾನುವಾರ ಸಾಲದು. ಈ ರೋಗನಿರ್ಣಯವೇ ತಪ್ಪು ಎಂದು ತೋರಿಸಲು ಇತಿಹಾಸವೊಂದೇ ಸಾಕು. ಯುವಜನರು ಸಭೆಗೆ ನಿಜವಾಗಿ ಅಂಟಿಕೊಂಡ ಕಾಲಗಳಲ್ಲೆಲ್ಲ ಅವರ ಕೈಯಲ್ಲಿ ಏನಾದರೊಂದು ತೀರ್ಮಾನ ಇತ್ತು.

ಮೊದಲ ಘಟ್ಟವನ್ನು ಬೇಗ ಹೇಳಿ ಮುಗಿಸಬಹುದು. 1844ರಲ್ಲಿ ಲಂಡನ್ನಿನಲ್ಲಿ ವೈಎಂಸಿಎ ಆರಂಭಿಸಿದ ಜಾರ್ಜ್ ವಿಲಿಯಮ್ಸ್‌ಗೆ ಆಗ 22 ವರ್ಷ. ಆತ ಬಟ್ಟೆ ಅಂಗಡಿಯ ನೌಕರ. 1881ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಹುಟ್ಟುಹಾಕಿದ ಕ್ರಿಶ್ಚಿಯನ್ ಎಂಡೆವರ್ ಸಂಘದಲ್ಲಿ ಹುಡುಗ ಹುಡುಗಿಯರೇ ಸಮಿತಿಗಳಲ್ಲಿ ಕುಳಿತು ಸಂಘ ನಡೆಸಿದರು. 1895ರಲ್ಲಿ ಸ್ವೀಡನ್ನಿನ ವಾಡ್‌ಸ್ಟೆನಾದಲ್ಲಿ ವಿಶ್ವ ಕ್ರೈಸ್ತ ವಿದ್ಯಾರ್ಥಿ ಒಕ್ಕೂಟ ಸ್ಥಾಪನೆಯಾಯಿತು. ಅದರ ಹಿಂದಿದ್ದ ಜಾನ್ ಮಾಟ್‌ಗೆ ಮೂವತ್ತರ ಪ್ರಾಯ. ಇವು ಯಾವುವೂ ಸಭೆಯ ಆಡಳಿತದೊಳಗೆ ಇರಲಿಲ್ಲ, ಆದರೆ ಆಡಳಿತವನ್ನು ಕಲಿಸಿದ ಶಾಲೆಗಳು ಇವೇ. ವಿ.ಎಸ್. ಅಜರಯ್ಯ ಇಪ್ಪತ್ತರ ಹರೆಯದಲ್ಲೇ ವೈಎಂಸಿಎ ಕಾರ್ಯದರ್ಶಿಯಾಗಿ ದುಡಿದವರು. 1912ರಲ್ಲಿ, 38ನೇ ವಯಸ್ಸಿಗೆ, ದೋರ್ನಕಲ್ಲಿನ ಬಿಷಪರಾದರು. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ತಯಾರಾದದ್ದು ಯುವಜನ ಸಂಘದಲ್ಲಿ ಎಂಬುದನ್ನು ನಮ್ಮ ಸಭಾ ಇತಿಹಾಸಕಾರರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ.

ಅದೇ 1912ರಲ್ಲಿ ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿ, ನಾವೆಲ್ಲ ಎಸ್‌ಸಿಎಂ ಎಂದು ಕರೆಯುವ ಸಂಘಟನೆ, ಆರಂಭವಾಯಿತು. ಪಂಗಡಗಳ ಗೋಡೆ ದಾಟಿ ವಿದ್ಯಾರ್ಥಿಗಳು ಒಟ್ಟಿಗೆ ಬೈಬಲ್ ಓದಿದ್ದು, ರಾಷ್ಟ್ರೀಯ ಹೋರಾಟದ ಬಗ್ಗೆ ಜಗಳವಾಡಿದ್ದು ಇಲ್ಲಿ. 1947ರ ಸೆಪ್ಟೆಂಬರ್ 27ರಂದು ಹಲವು ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆ ಉದಯವಾದಾಗ ಸಹಿ ಹಾಕಿದವರು ಹಿರಿಯರು. ಒಂದಾಗಿ ಬದುಕುವ ಅಭ್ಯಾಸ ಮಾಡಿಕೊಂಡಿದ್ದವರು ವಿದ್ಯಾರ್ಥಿಗಳು.

ಎಂ.ಎಂ. ಥಾಮಸರ ಕತೆಯನ್ನು ಇಲ್ಲಿ ಹೇಳಲೇಬೇಕು. ಯುವಕ ಥಾಮಸ್ ಮಾರ್ ತೋಮಾ ಸಭೆಯ ಪಾದ್ರಿ ದೀಕ್ಷೆಯನ್ನೂ ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವವನ್ನೂ ಕೇಳಿದರು. ಎರಡೂ ಕಡೆ ಬೇಡವೆಂದರು. ಅವರನ್ನು ಬೆಳೆಸಿದ್ದು ವಿದ್ಯಾರ್ಥಿ ಒಕ್ಕೂಟ. ಆಮೇಲೆ ಬೆಂಗಳೂರಿನಲ್ಲಿ ಪಿ.ಡಿ. ದೇವನಂದನ್ ಅವರೊಂದಿಗೆ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯನ್ನು ಕಟ್ಟಿದರು. 1968ರಿಂದ 1975ರವರೆಗೆ ವಿಶ್ವ ಸಭಾ ಮಂಡಳಿಯ ಕೇಂದ್ರ ಸಮಿತಿಯ ಅಧ್ಯಕ್ಷರಾಗಿದ್ದರು. ದೀಕ್ಷೆ ಸಿಗದ ಯುವಕನೇ ಮುಂದೆ ಜಗತ್ತಿನ ಸಭೆಗಳಿಗೆ ದಾರಿ ತೋರಿಸಿದ. ಕ್ರೈಸ್ತ ಯುವಜನರ ಮೂರನೇ ವಿಶ್ವ ಸಮ್ಮೇಳನ 1952ರಲ್ಲಿ ಕೊಟ್ಟಾಯಂನಲ್ಲಿ ನಡೆದದ್ದೂ ಯುವಜನ ಚಳವಳಿಯ ಇದೇ ಬೆಳವಣಿಗೆಯ ಭಾಗ.

1968ರಲ್ಲಿ ಉಪ್ಸಲಾದಲ್ಲಿ ನಡೆದ ವಿಶ್ವ ಸಭಾ ಮಂಡಳಿಯ ಮಹಾಧಿವೇಶನದಲ್ಲಿ ಮತದ ಹಕ್ಕಿಲ್ಲದೆ ಬಂದಿದ್ದ ಯುವಜನರು ಪ್ರತಿಭಟಿಸಿದರು. ಅದರ ಬಿಸಿ ನಮ್ಮ ತಲೆಮಾರಿಗೆ ತಟ್ಟಿತು. ಎಪ್ಪತ್ತರ ದಶಕದ ಬೆಂಗಳೂರಿನ ಅಧ್ಯಯನ ಕೂಟಗಳಲ್ಲಿ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆಯನ್ನು ಓದುತ್ತಿದ್ದೆವು. ಬೆಲ್ಜಿಯಂನ ಕಾರ್ಮಿಕ ಯುವಕರ ನಡುವೆ ಜೋಸೆಫ್ ಕಾರ್ಡೈನ್ ರೂಢಿಗೆ ತಂದ ‘ನೋಡು, ತೂಗು, ನಡೆ’ ವಿಧಾನವನ್ನು ಕಥೋಲಿಕ ಗೆಳೆಯರಿಂದ ಕಲಿತೆವು. ತುರ್ತು ಪರಿಸ್ಥಿತಿಯಲ್ಲಿ ಥಾಮಸ್ ಬಹಿರಂಗವಾಗಿ ವಿರೋಧಿಸಿ ಬರೆದಾಗ, ಕ್ರೈಸ್ತನಿಗೆ ರಾಜಕೀಯ ಬೇಡ ಎಂಬ ಹಿರಿಯರ ಬುದ್ಧಿವಾದ ನಮ್ಮ ಮಟ್ಟಿಗೆ ಮುಗಿದುಹೋಯಿತು. 1981ರಲ್ಲಿ ಅರವಿಂದ ನಿರ್ಮಲ್ ದಲಿತ ದೇವತಾಶಾಸ್ತ್ರಕ್ಕೆ ನಾಂದಿಯಾದ ಉಪನ್ಯಾಸ ಕೊಟ್ಟದ್ದು ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ಕೇರಿ ಸೊಸೈಟಿಯಲ್ಲಿ. ಸಭೆಯೊಳಗಿನ ಜಾತಿಯನ್ನು ಹೆಸರಿಟ್ಟು ಕರೆಯುವ ಧೈರ್ಯ ಆ ದಿನಗಳಲ್ಲಿ ಸಭಾಪ್ರಾಂತದ ಯಾವ ಸಮಿತಿಗೂ ಇರಲಿಲ್ಲ. ವಿದ್ಯಾರ್ಥಿಗಳ ನಡುವೆ ಅದಕ್ಕೆ ಜಾಗ ಸಿಕ್ಕಿತು.

ನಂತರ ಬಂದದ್ದನ್ನು ನಾನು ಹಿನ್ನಡೆ ಎಂದೇ ಕರೆಯುತ್ತೇನೆ. ಯುವಜನ ಸಂಘ ಕ್ರಮೇಣ ಸಭೆಯ ಒಂದು ‘ವಿಭಾಗ’ವಾಯಿತು. ಪಾದ್ರಿಗಳೇ ಅಧ್ಯಕ್ಷರು, ಕಾರ್ಯದರ್ಶಿಯ ನೇಮಕ ಮೇಲಿನಿಂದ, ಖರ್ಚಿಗೆ ಅನುಮತಿ ಬೇರೆಯವರಿಂದ. ಕ್ರಿಸ್ಮಸ್ ಕ್ಯಾರಲ್, ರಕ್ತದಾನ, ಕ್ರೀಡಾಕೂಟ ಅವರಿಗೆ. ಜಾಗ, ಬಾಡಿಗೆ, ಶಾಲೆ, ನೇಮಕಾತಿ ಹಿರಿಯರಿಗೆ. 1989ರಲ್ಲಿ ದೇಶ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಪಂಚಾಯಿತಿಗೆ 21 ವರ್ಷದ ಹುಡುಗಿ ಸ್ಪರ್ಧಿಸಬಹುದು, ಅಧ್ಯಕ್ಷೆಯೂ ಆಗಬಹುದು. ಅದೇ ಹುಡುಗಿ ತನ್ನ ಪಾಸ್ಟರೇಟ್ ಕಮಿಟಿಯಲ್ಲಿ ಹಣಕಾಸಿನ ಪ್ರಶ್ನೆ ಎತ್ತಿದರೆ ಈಗಲೂ ಕಮಿಟಿಗೆ ಇರಿಸುಮುರಿಸು. ಈ ನಡುವೆ ದಕ್ಷಿಣ ಭಾರತ ಸಭೆಯಲ್ಲಿ ವಯಸ್ಸಿನ ಕುರಿತು ನಡೆದ ದೊಡ್ಡ ವಿವಾದ ಬಿಷಪರ ನಿವೃತ್ತಿಯನ್ನು 67ರಿಂದ 70ಕ್ಕೆ ಏರಿಸುವುದರದ್ದು. ಅದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಕಥೋಲಿಕ ಸಭೆಯ ದಾರಿ ಬೇರೆ. ಮಂಗಳೂರು ಭಾಗದಲ್ಲಿ ಚರ್ಚಿನ ಪ್ರತಿ ವಾಳೆಗೆ, ಎಂದರೆ ವಾರ್ಡಿಗೆ, ಜನಸಾಮಾನ್ಯ ಮುಖಂಡನಾಗಿ ಒಬ್ಬ ಗುರ್ಕಾರ ಇರುವ ಪದ್ಧತಿ ಹಳೆಯದು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪಾಲನಾ ಪರಿಷತ್ತುಗಳು ಬಂದವು, ಯುವಜನ ಸಂಘಟನೆಯ ಪ್ರತಿನಿಧಿಗೂ ಅನೇಕ ಕಡೆ ಅಲ್ಲಿ ಕುರ್ಚಿ ಸಿಕ್ಕಿತು. ಆದರೆ 1983ರ ಸಭಾ ಕಾನೂನಿನ ಪ್ರಕಾರ ಆ ಪರಿಷತ್ತಿಗೆ ಇರುವುದು ಸಲಹೆಯ ಅಧಿಕಾರ ಮಾತ್ರ. 2018ರಲ್ಲಿ ರೋಮಿನಲ್ಲಿ ಯುವಜನರ ಬಗ್ಗೆಯೇ ಸಿನೊಡ್ ನಡೆಯಿತು. ಆಹ್ವಾನಿತ ಯುವಜನರು ಮಾತಾಡಿದರು, ಮತ ಹಾಕುವ ಹಕ್ಕು ಅವರಿಗಿರಲಿಲ್ಲ. ಐದು ವರ್ಷದೊಳಗೆ, 2023ರ ಅಕ್ಟೋಬರ್ ಅಧಿವೇಶನದಲ್ಲಿ, ಮಹಿಳೆಯರೂ ಯುವಜನರೂ ಸೇರಿದಂತೆ ಜನಸಾಮಾನ್ಯ ವಿಶ್ವಾಸಿಗಳಿಗೆ ಮತ ಸಿಕ್ಕಿತು. ಪ್ರಜಾಪ್ರಭುತ್ವದ ಪರಂಪರೆ ನಮ್ಮದು ಎಂದು ಬೀಗುವ ಪ್ರೊಟೆಸ್ಟೆಂಟರು ಇದನ್ನು ಗಮನವಿಟ್ಟು ನೋಡಬೇಕು. ವಿಶ್ವ ಸಭಾ ಮಂಡಳಿ ತನ್ನ ಮಹಾಧಿವೇಶನದಲ್ಲಿ ನಾಲ್ಕರಲ್ಲೊಂದು ಪಾಲು ಯುವಜನರಿರಬೇಕು ಎಂದು ಗುರಿ ಇಟ್ಟುಕೊಂಡಿದೆ. 2022ರ ಕಾರ್ಲ್ಸ್‌ರೂಹ ಅಧಿವೇಶನದಲ್ಲೂ ಅದು ಈಡೇರಲಿಲ್ಲ. ಸದಸ್ಯ ಸಭೆಗಳು ಒಬ್ಬಳೇ ಯುವತಿಯನ್ನು ಕಳಿಸಿ ಮಹಿಳೆ, ಯುವಜನ, ಸಾಮಾನ್ಯ ವಿಶ್ವಾಸಿ ಎಂಬ ಮೂರೂ ಲೆಕ್ಕ ತುಂಬಿಸುವುದು ಹಳೆಯ ಚಾಳಿ.

ಈ ಕ್ಷೇತ್ರದಲ್ಲಿ ಬರವಣಿಗೆಯ ಕೊರತೆ ದೊಡ್ಡದು. ಬಾಸೆಲ್ ಮಿಷನ್ನಿನ ಕಾಗದಪತ್ರಗಳು ಮಂಗಳೂರಿನ ಬಲ್ಮಠದಲ್ಲಿ ಜೋಪಾನವಾಗಿವೆ. ಹಂಚಿನ ಕಾರ್ಖಾನೆ, ಮುದ್ರಣಾಲಯ, ನಿಘಂಟುಗಳ ಬಗ್ಗೆ ಒಳ್ಳೆಯ ಅಧ್ಯಯನಗಳಾಗಿವೆ. ಯುವಜನ ಸಂಘಗಳ ನಡಾವಳಿ ಪುಸ್ತಕಗಳನ್ನು ಮಾತ್ರ ಯಾರೂ ಹುಡುಕಿ ಇಡುತ್ತಿಲ್ಲ. ಯುವಜನ ಎಂದಾಗ ಯಾವ ಯುವಜನ ಎಂದೂ ಕೇಳಿಲ್ಲ: ಹುಡುಗಿಯರು ಎಷ್ಟು, ದಲಿತ ಕುಟುಂಬದವರು ಎಷ್ಟು, ಬೀದರ್-ಕಲಬುರಗಿಯ ಹಳ್ಳಿ ಸಭೆಗಳಿಂದ ಬಂದವರು ಎಷ್ಟು? ಓದಿಗೆ, ಕೆಲಸಕ್ಕೆ ಊರು ಬಿಟ್ಟವರ ಪಾಡು ಇನ್ನೊಂದು. ವಂತಿಗೆ ಊರಿನಲ್ಲಿ ಬಾಕಿ, ಆರಾಧನೆ ಬೆಂಗಳೂರಿನಲ್ಲಿ. ಎರಡೂ ಕಡೆಯ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ. ಸಭೆ ಬಿಟ್ಟವರು ಎಂದು ನಾವು ಎಣಿಸುವವರಲ್ಲಿ ಇಂಥವರೂ ಸೇರಿದ್ದಾರೆ.

ಮುಂದಿನ ಮಹಾಸಭೆಗೆ ಹೋಗುವ ಪ್ರತಿನಿಧಿಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಮೂವತ್ತರೊಳಗಿನವರಿಗೆ ಹಣಕಾಸು ಸಮಿತಿಯಲ್ಲೂ ಆಸ್ತಿ ಸಮಿತಿಯಲ್ಲೂ ಮತಸಹಿತ ಸ್ಥಾನ ಮೀಸಲಿಡಿ, ಅದರಲ್ಲಿ ಅರ್ಧ ಯುವತಿಯರಿಗಿರಲಿ. ಅವರನ್ನು ಯುವಜನರೇ ಆರಿಸಲಿ. ಊರು ಬಿಟ್ಟವರ ಹೆಸರನ್ನು ಅವರು ಈಗ ಆರಾಧಿಸುವ ಸಭೆಯ ಪಟ್ಟಿಗೆ ಸೇರಿಸಿ. ಇದನ್ನು ನಿರ್ಣಯವಾಗಿ ಮಂಡಿಸಿ, ಮತಕ್ಕೆ ಹಾಕಿಸಿ.