ಎರೆನೆಲದ ಹಕ್ಕಿ, ಮಳೆಕಾಡಿನ ಸಿಂಗಳೀಕ

ಆಳಂದ ತಾಲ್ಲೂಕಿನ ಗಡಿಗ್ರಾಮ ಹಿರೋಳ್ಳಿಯಿಂದ ಸೊಲ್ಲಾಪುರದತ್ತ ಹಬ್ಬಿರುವ ಬಯಲಿನಲ್ಲಿ ಕಪ್ಪು ಜಿಗುಟು ಮಣ್ಣಿಗೆ ‘ಎರೆ’ ಎಂದು ಹೆಸರು. ಆ ಮಣ್ಣಿನ ಹೆಸರನ್ನೇ ಹೊತ್ತ ಎರೆಭೂತವು ಕೆಲವೆಡೆ ಎರ್ಲಡ್ಡು, ಇನ್ನು ಕೆಲವೆಡೆ ದೊರವಾಯನ ಹಕ್ಕಿ ಎನಿಸಿಕೊಂಡಿದ್ದು, ಹದಿನೈದು ಕಿಲೋದಷ್ಟು ತೂಗಬಲ್ಲ ಗಂಡು ಹಕ್ಕಿ ಹಾರುವ ಪಕ್ಷಿಗಳಲ್ಲೇ ಅತಿ ಭಾರವಾದವುಗಳ ಸಾಲಿಗೆ ಸೇರುತ್ತದೆ. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ, ಎಂದರೆ ವರ್ಷವಿಡೀ ಹಸಿರು ಬಿಡದ ಮಳೆಕಾಡಿನಲ್ಲಿ, ಮರದಿಂದ ಮರಕ್ಕೆ ಸಾಗುತ್ತ ಹಣ್ಣು, ಕೀಟ ತಿಂದು ಬದುಕುವ ಸಿಂಗಳೀಕಕ್ಕೂ ಈ ಹಕ್ಕಿಗೂ ಮೇಲ್ನೋಟಕ್ಕೆ ನಂಟಿಲ್ಲ. ಆದರೆ ಎರಡೂ ನಿಧಾನವಾಗಿ ಸಂತಾನ ಬೆಳೆಸುವ ಜೀವಿಗಳು: ಹಕ್ಕಿ ಸಾಮಾನ್ಯವಾಗಿ ಬರಿನೆಲದ ಮೇಲೆ ಒಂದೇ ಮೊಟ್ಟೆಯಿಟ್ಟರೆ, ಸಿಂಗಳೀಕ ಹಲವು ವರ್ಷಗಳಿಗೊಮ್ಮೆ ಒಂದೇ ಮರಿ ಹಾಕುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡಕ್ಕೂ ಅತ್ಯುನ್ನತ ರಕ್ಷಣೆಯನ್ನೇ ಕೊಟ್ಟಿತು. ಅವು ನೆಲೆಸಿದ ನೆಲಗಳಿಗೆ ಮಾತ್ರ ಅಂಥ ಸಮಾನ ಮರ್ಯಾದೆ ದೊರೆಯಲಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನಿಂದ ಸಿಂಗಳೀಕದ ನೆಲೆಯಾದ ಶರಾವತಿ ಕಣಿವೆಯ ಅಪಾರ ಕಾಡು ಮುಳುಗಿತಾದರೂ ಉಳಿದದ್ದನ್ನು ಸರ್ಕಾರ ಕಾಡೆಂದೇ ಗುರುತಿಸಿತು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ರೂಪುಗೊಂಡು, 2019ರಲ್ಲಿ ಅದನ್ನು ಶರಾವತಿ ಅಭಯಾರಣ್ಯದೊಂದಿಗೆ ಕೂಡಿಸಿದಾಗ ಆ ಕಾಡಿಗೆ ಸಿಂಗಳೀಕದ ಹೆಸರೇ ಸೇರಿತು.

ಹುಲ್ಲುಗಾವಲಿನ ಕಥೆ ಇದಕ್ಕಿಂತ ನೋವಿನದು. ಕಲಬುರಗಿ ಸೀಮೆಯಲ್ಲಿ ಗಾಯರಾಣವೆಂದು ಕರೆಯುವ ದನ ಮೇಯುವ ಸಾರ್ವಜನಿಕ ಭೂಮಿ, ಬಿತ್ತದೆ ಬಿಟ್ಟ ಬೀಳು, ಕುರುಚಲು ಬಯಲು ಇವೆಲ್ಲ ಆಡಳಿತದ ಕಣ್ಣಿಗೆ ಉಪಯೋಗಕ್ಕೆ ಬಾರದ ನೆಲವಾಗಿ ಕಂಡದ್ದರಿಂದ, ಅವನ್ನು ಉಳುವುದಾಗಲಿ ಮರ ನೆಟ್ಟು ‘ಹಸಿರು’ ಮಾಡುವುದಾಗಲಿ ಪ್ರಗತಿಯೆನಿಸಿತು. ಕೃಷ್ಣಮೃಗಕ್ಕಾಗಿ 1974ರಲ್ಲಿ ಅಭಯಾರಣ್ಯವಾದ ರಾಣೆಬೆನ್ನೂರಿನಲ್ಲಿ ಎರೆಭೂತವೂ ಇತ್ತು. ಅಲ್ಲಿ ಬೆಳೆಸಿದ ನೀಲಗಿರಿ ತೋಪುಗಳು ದೂರದೃಷ್ಟಿಯನ್ನೇ ನೆಚ್ಚಿ ಬದುಕುವ ಹಕ್ಕಿಯ ಬಯಲನ್ನು ಮುಚ್ಚಿದವು. ಮರ ನೆಡುವುದು ಎಲ್ಲೆಡೆಯೂ ಪುಣ್ಯದ ಕೆಲಸವಲ್ಲ ಎಂಬುದಕ್ಕೆ ಕನ್ನಡನಾಡಿನಲ್ಲಿ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಅಪರೂಪ. ಗಡಿಯಾಚೆ, ಸೊಲ್ಲಾಪುರ ಸಮೀಪದ ನಾನ್ನಜದಲ್ಲಿ 1979ರಲ್ಲಿ ಘೋಷಿತವಾದ ಎರೆಭೂತದ ಅಭಯಾರಣ್ಯವು ಊರು, ಹೊಲಗಳನ್ನೂ ಒಳಗೊಂಡು 8,496 ಚದರ ಕಿಲೋಮೀಟರ್‌ಗೆ ಹರಡಿತ್ತು. ಅಭಯಾರಣ್ಯದಿಂದ ಜಮೀನು ಮಾರುವುದಕ್ಕೂ ತೊಡಕೆಂದು ಬೇಸತ್ತ ರೈತರ ಮನಸ್ಸಿನಲ್ಲಿ ಹಕ್ಕಿಯ ಮೇಲಿನ ಮಮತೆ ಕುಂದಿತು, ಮುಂದೆ ಅದರ ವ್ಯಾಪ್ತಿಯನ್ನು ಬಹಳಷ್ಟು ಕಡಿತಗೊಳಿಸಲಾಯಿತು.

ಇಂದು ಕರ್ನಾಟಕದಲ್ಲಿ ಬೆರಳೆಣಿಕೆಯ ಎರ್ಲಡ್ಡುಗಳು ಕಾಣಸಿಗುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ. ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವ ಕಾರಣ ಎದುರಿನ ತಂತಿ ಸರಿಯಾಗಿ ಕಾಣದ ಈ ಭಾರದ ಹಕ್ಕಿಗೆ, ಹೊಲಗಳ ಮೇಲೆ ಹಾದುಹೋಗುವ ವಿದ್ಯುತ್ ತಂತಿಯೇ ಈಗ ದೊಡ್ಡ ಕಂಟಕ.