ದುಗ್ಗಳೆ, ದ್ರೌಪದಿ, ಈಶ್ವರಮ್ಮ: ಸಗರನಾಡಿನ ರಂಗದಲ್ಲಿ ಸ್ತ್ರೀಪಾತ್ರ

ಸಗರನಾಡಿನ ಶಹಾಪುರ, ಸುರಪುರ, ಯಾದಗಿರಿ ಸೀಮೆಯಲ್ಲಿ ಜಾತ್ರೆ ಬಂತೆಂದರೆ ನಾಟಕ ಬಂತು. ಪಾತ್ರ ಹಾಕುವವರು ಊರ ಗಂಡಸರು. ಪೇಟಿ (ಹಾರ್ಮೋನಿಯಂ) ಮಾಸ್ತರರು ಅವರಿಗೆ ದಿನಗಟ್ಟಲೆ ತಾಲೀಮು ಕೊಡುತ್ತಾರೆ. ಸ್ತ್ರೀಪಾತ್ರಕ್ಕೆ ಮಾತ್ರ ಹೊರಊರಿನ ವೃತ್ತಿ ಕಲಾವಿದೆಯರು, ಅದೂ ಎಷ್ಟೋ ಸಲ ಆಟದ ಹೊತ್ತಿಗೆ ಬಂದಿಳಿಯುತ್ತಾರೆ. ಇಲ್ಲಿನ ಸ್ತ್ರೀಪಾತ್ರದ ಅಭಿನಯಕ್ಕೆ ಈ ರೂಪ ಬಂದದ್ದು ಬಹುಮಟ್ಟಿಗೆ ಈ ಏರ್ಪಾಟಿನಿಂದಲೇ. ಎದುರುಪಾತ್ರದ ಜೊತೆ ತಾಲೀಮಿಲ್ಲದ ನಟಿ ತನ್ನ ಕಂಠವನ್ನೇ ನೆಚ್ಚಬೇಕು. ಅಳು, ಆಣೆ, ಶಾಪ, ಸೆರಗು ಒಡ್ಡುವ ರೀತಿ ಎಲ್ಲವನ್ನೂ ಮೊದಲೇ ರೂಢಿಸಿಕೊಂಡಿರಬೇಕು. ಇದನ್ನು ಸವಕಲು ಅಭಿನಯವೆಂದು ಹಳಿಯುವ ವಿಮರ್ಶಕರು ಅದರ ಹಿಂದಿನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಿಂದೆ ಬಯಲಾಟದಲ್ಲಿ ಸ್ತ್ರೀವೇಷವೂ ಗಂಡಸರದೇ ಆಗಿತ್ತು. ಮೈಕಿಲ್ಲದ ಕಾಲದಲ್ಲಿ ಅವರು ಬಳಸುತ್ತಿದ್ದ ಏರುದನಿ ಕಂಪನಿ ನಾಟಕಕ್ಕೂ ಹರಿದುಬಂತು. ಕಂದಗಲ್ಲ ಹನುಮಂತರಾಯರ (1896–1966) ‘ರಕ್ತರಾತ್ರಿ’ಯ ದ್ರೌಪದಿ ಸಭೆಯಲ್ಲಿ ಅವಮಾನಗೊಂಡ ರಾಣಿಯಷ್ಟೇ ಅಲ್ಲ, ಒಂದೇ ರಾತ್ರಿ ಮಕ್ಕಳನ್ನೆಲ್ಲ ಕಳೆದುಕೊಂಡ ತಾಯಿ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಹೆಸರಾದದ್ದು ಈ ಪಾತ್ರದಿಂದ. ಇಂಥ ಪಾತ್ರದ ಕಷ್ಟ ಹಾಡುತ್ತಲೇ ಅಳುವುದರಲ್ಲಿದೆ: ಗಂಟಲು ಕಟ್ಟಿದರೆ ಪೇಟಿಯ ಶ್ರುತಿ ತಪ್ಪುತ್ತದೆ, ಕಟ್ಟದಿದ್ದರೆ ದುಃಖ ಜನರಿಗೆ ಮುಟ್ಟುವುದಿಲ್ಲ.

ಆಧುನಿಕ ರಂಗಭೂಮಿ ಹಿಡಿದದ್ದು ಬೇರೆ ದಾರಿ. ಗಿರೀಶ ಕಾರ್ನಾಡರ ‘ಯಯಾತಿ’ಯಲ್ಲಿ (1961) ಪುರುವಿನ ಹೆಂಡತಿ ಚಿತ್ರಲೇಖೆ ಪ್ರಶ್ನೆ ಕೇಳಲು ನಿಂತಳು. ಬೇಲೂರು ರಘುನಂದನ್ ಬರೆದು ಚಿದಂಬರರಾವ್ ಜಂಬೆ ನಿರ್ದೇಶಿಸಿದ ‘ಶರ್ಮಿಷ್ಠೆ’ಯಲ್ಲಿ ಉಮಾಶ್ರೀ ಇಡೀ ಕಥೆಯನ್ನು ಒಬ್ಬರೇ ಹೊತ್ತರು. ಏಕವ್ಯಕ್ತಿ ಪ್ರಯೋಗದಲ್ಲಿ ಎದುರುಪಾತ್ರವೂ ನಟಿಯ ಮೈಯಲ್ಲೇ ಹುಟ್ಟಬೇಕು. ಜಾತ್ರೆಯ ನಾಟಕಕ್ಕೆ ಬರುವ ವೃತ್ತಿನಟಿಗೆ ಇದು ತೀರಾ ಹೊಸತಲ್ಲ. ತಾಲೀಮಿನಲ್ಲಿ ಸಿಗದ ಎದುರುಪಾತ್ರವನ್ನು ಕಲ್ಪಿಸಿಕೊಂಡೇ ಅವಳು ಬದುಕಿದವಳು. ವೃತ್ತಿ ಮತ್ತು ಆಧುನಿಕ ಎಂದು ನಾವು ಎಳೆದ ಗೆರೆ ಈ ಜಾಗದಲ್ಲಿ ನಿಲ್ಲುವುದಿಲ್ಲ.

ಸಗರನಾಡಿನಲ್ಲೇ ಮರುಓದಿಗೆ ಒದಗುವ ಪಾತ್ರಗಳಿವೆ. ಮುದನೂರಿನ ಜೇಡರ ದಾಸಿಮಯ್ಯನ ಹೆಂಡತಿ ದುಗ್ಗಳೆ ‘ದಾಸಯ್ಯಪ್ರಿಯ ರಾಮನಾಥ’ ಅಂಕಿತದ ವಚನಕಾರ್ತಿ. ನೀರು, ಸೌದೆ ಇಲ್ಲದೆ ಪಾಯಸ ಮಾಡೆಂದು ಮದುವೆಗೆ ಮುನ್ನ ದಾಸಿಮಯ್ಯ ಒಡ್ಡಿದ ಪರೀಕ್ಷೆಯನ್ನು ಅವಳು ಕಬ್ಬಿನ ಹಾಲು, ಕಬ್ಬಿನ ಸಿಪ್ಪೆಗಳಿಂದಲೇ ಗೆದ್ದಳೆಂದು ಕಥೆ. ಕಥೆ ಅವಳನ್ನು ಆದರ್ಶ ಹೆಂಡತಿಯಾಗಿಸುತ್ತದೆ. ಅದೇ ದೃಶ್ಯದಲ್ಲಿ ನಟಿ ಕಬ್ಬು ಹಿಂಡುತ್ತ ಒಮ್ಮೆ ತಲೆಯೆತ್ತಿ ವರನನ್ನು ಅಳೆದು ನೋಡಲಿ. ಒಂದು ಮಾತೂ ಬದಲಾಗದೆ ಪರೀಕ್ಷಕಿ ಅವಳೇ ಆಗುತ್ತಾಳೆ.

ಇನ್ನೊಬ್ಬಳು ಸುರಪುರದ ರಾಣಿ ಈಶ್ವರಮ್ಮ, ರಾಜಾ ವೆಂಕಟಪ್ಪನಾಯಕನ ತಾಯಿ. ಅವಳ ಚಿತ್ರ ನಮಗೆ ಹೆಚ್ಚಾಗಿ ದಕ್ಕಿದ್ದು 1853ರವರೆಗೆ ಅಲ್ಲಿ ಆಡಳಿತ ನಡೆಸಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಆತ್ಮಕಥೆಯಿಂದ (1877). ಅವಳನ್ನು ಎದುರಾಳಿಯಾಗಿ ಕಂಡ ಅಧಿಕಾರಿಯ ಬರಹ ಅದು. ಬ್ರಿಟಿಷರ ವಿರುದ್ಧ ಬಂಡೆದ್ದು 1858ರಲ್ಲಿ ಮಡಿದ ಮಗನನ್ನು ವೀರನೆಂದು ಕೊಂಡಾಡುವ ನಾಡು ತಾಯಿಯ ಬಗ್ಗೆ ಟೇಲರನ ಮಾತನ್ನೇ ನಂಬಿ ಕೂರಬಾರದು. ನಾಟಕಕಾರರು ಆ ಪುಸ್ತಕವನ್ನು ಅವಳ ಕಡೆಯಿಂದ ಓದಿ ಬರೆಯಲಿ. ಆಡುವಾಗ ನಟಿಯನ್ನು ತಾಲೀಮಿನ ಮೊದಲ ದಿನವೇ ಕರೆಸಲಿ.